ಹೊದಿಕೆ ಎತ್ತಿ ಹಿಡಿದ ಕಮಾನು

"ಈ ಅರ್ಧ ಬಳಿ ಯಾವ ರಾಕ್ಷಸಿ ಕೈಗೆ ತೊಡಸೂದಪಾ?"

ಮೌನೇಶ ಕಮ್ಮಾರ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕುಲುಮೆಯ ಮುಂದೆ ಅವನೊಬ್ಬನೇ ಇದ್ದ. ಎಡಗೈಯಲ್ಲಿ ಆಸ್ಪತ್ರೆಯವರು ಕೊಟ್ಟ ಚಿತ್ರದ ಚೀಟಿ, ಬಲಗೈಯಲ್ಲಿ ಇಕ್ಕಳ, ಇಕ್ಕಳದ ಬಾಯಲ್ಲಿ ಕೆಂಪಗೆ ಕಾದು ಬಾಗಿದ ಸರಳು. ಆ ಸರಳು ನಾನು. ಹುಟ್ಟಿದ ಗಳಿಗೆಯಲ್ಲೇ ನನ್ನ ಕಿವಿಗೆ ಬಿದ್ದದ್ದು ಒಂದು ಪ್ರಶ್ನೆ. ಉತ್ತರ ನನಗೂ ಗೊತ್ತಿರಲಿಲ್ಲ.

ಮೂರು ಸರಳುಗಳನ್ನು ಒಂದೇ ಅಳತೆಗೆ ಬಗ್ಗಿಸಿ, ಕೆಳಗೆ ಎರಡು ನೇರ ಪಟ್ಟಿಗಳಿಗೆ ಬೆಸೆದು, ಮೈಗೆಲ್ಲ ಬಿಳಿ ಬಣ್ಣ ಬಳಿದು ಮೌನೇಶ ನನ್ನನ್ನು ಅಂಗಡಿಯ ಮುಂದೆ ಬಿಸಿಲಿಗಿಟ್ಟ. ಹೋಗಿ ಬರುವವರು ಕೋಳಿ ಮುಚ್ಚುವ ಬುಟ್ಟಿಯೇ ಎಂದರು, ಎತ್ತಿನ ಗಾಡಿಗೆ ಕಟ್ಟುವ ಕೊಲ್ಲಾರಿ ಚಪ್ಪರವೇ ಎಂದರು. ಮೂರನೆಯ ದಿನ ಗದಗಿನ ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ಬಾಳವ್ವ ಬಂದಳು. ವಾರ್ಡಿನ ಆಯಾ ಅವಳು. ನನ್ನನ್ನು ನೀರಿನ ಕೊಡದ ಹಾಗೆ ಸೊಂಟಕ್ಕೆ ಇರಿಸಿಕೊಂಡು ನಡೆದಳು. ದಾರಿಯುದ್ದಕ್ಕೂ ಏನನ್ನೋ ಗುನುಗುತ್ತಿದ್ದಳು. ಅವಳಪ್ಪ ಊರ ಗುಡಿಯಲ್ಲಿ ಭಾರತ ಓದುತ್ತಿದ್ದವನಂತೆ. ಅವಳಿಗೆ ಅಕ್ಷರ ಬರದು, ಆದರೆ ಪದ್ಯಗಳು ಬಾಯಲ್ಲಿದ್ದವು. ಕಸ ಗುಡಿಸುವಾಗ ಒಂದು ಧಾಟಿ, ಹಾಸಿಗೆ ಮಡಿಸುವಾಗ ಇನ್ನೊಂದು. ನನ್ನ ಮೊದಲ ಪಾಠ ಅವಳಿಂದಲೇ. ಮಾತಾಡಲು ಬಾರದವನು ಚೆನ್ನಾಗಿ ಕೇಳಬೇಕು ಎಂದು ಅಂದೇ ತಿಳಿದೆ.

ಆಸ್ಪತ್ರೆಯ ಪಟ್ಟಿಯಲ್ಲಿ ನನ್ನ ಹೆಸರು ಬೆಡ್ ಕ್ರೇಡಲ್. ವಾರ್ಡಿನವರು ಕಮಾನು ಎನ್ನುತ್ತಿದ್ದರು. ಕೆಲಸ ಬಹಳ ಸುಲಭ. ಆಪರೇಷನ್ ಆದ ಹುಡುಗನ ತೊಡೆಗಳ ಮೇಲೆ, ಎಲ್ಲೂ ತಗುಲದ ಹಾಗೆ, ನನ್ನನ್ನು ನಿಲ್ಲಿಸುತ್ತಿದ್ದರು. ಹೊದಿಕೆಯನ್ನು ನನ್ನ ಬೆನ್ನಿನ ಮೇಲೆ ಹೊದಿಸುತ್ತಿದ್ದರು. ಹುಡುಗನಿಗೆ ಬೆಚ್ಚಗಾಗುತ್ತಿತ್ತು, ಆದರೆ ಬಟ್ಟೆ ಗಾಯಕ್ಕೆ ಸೋಕುತ್ತಿರಲಿಲ್ಲ. ನನ್ನ ಜನ್ಮವೆಲ್ಲ ಕಳೆದದ್ದು ಹೀಗೆ, ಭಾರ ಹೊತ್ತೂ ಮುಟ್ಟದೆ ನಿಂತು.

ಆ ಹುಡುಗರ ತೊಂದರೆ ಏನು ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಕೆಲವು ಗಂಡುಮಕ್ಕಳಿಗೆ ಹುಟ್ಟುವಾಗಲೇ ಮೂತ್ರದ ಬಾಯಿ ತುದಿಯಲ್ಲಿರದೆ ಕೆಳಗೆಲ್ಲೋ ಇರುತ್ತದೆ. ಕೆಲವರಲ್ಲಿ ಸ್ವಲ್ಪವೇ ಕೆಳಗೆ, ಇನ್ನು ಕೆಲವರಲ್ಲಿ ಬಹಳ ಕೆಳಗೆ, ಜೊತೆಗೆ ಬಾಗು ಬೇರೆ. ಅವರು ನಿಂತರೆ ನೀರು ಬಟ್ಟೆಯ ಮೇಲೆ, ಕಾಲ ಮೇಲೆ ಬೀಳುತ್ತದೆ. ಆದ್ದರಿಂದ ಕೂಡುತ್ತಾರೆ. ಡಾಕ್ಟರರು ಅಲ್ಲಿನ ಚರ್ಮದಿಂದಲೇ ಹೊಸ ದಾರಿ ಮಾಡಿ ತುದಿಯವರೆಗೆ ತರುತ್ತಾರೆ. ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಗೆ. ಹತ್ತು ದಿನ ಒಂದು ಸಣ್ಣ ನಳಿಕೆ. ಆ ಹತ್ತು ದಿನದ ಯಜಮಾನಿಕೆ ನನ್ನದು.

ಹುಡುಗರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಒಬ್ಬನಿಗೆ ನಾನು ಗುಡಾರ, ಮತ್ತೊಬ್ಬನಿಗೆ ಹುಬ್ಬಳ್ಳಿ ಬಸ್ಸು. ಕುಷ್ಟಗಿಯಿಂದ ಬಂದ ಒಬ್ಬ ನನ್ನ ಮೂರು ಸರಳುಗಳಿಗೂ ಒಂದೊಂದು ಊರಿನ ಹೆಸರಿಟ್ಟು, ಹತ್ತು ದಿನವೂ ಟಿಕೆಟ್ ಹರಿದು ಕೊಟ್ಟ. ನೋವಿದ್ದವರೇ ಹೆಚ್ಚು ನಗುತ್ತಿದ್ದರು. ಈ ಸೋಜಿಗ ನನಗೆ ಇಂದಿಗೂ ಬಿಡಿಸಲಾಗಿಲ್ಲ.

ವಾರ್ಡಿಗೆ ಇಬ್ಬರು ಡಾಕ್ಟರರು. ಹಿರಿಯರು ಗುರುಶಾಂತಪ್ಪ ಅಂಗಡಿ. ಕೈಬೆರಳು ದಪ್ಪ, ಹೊಲಿಗೆ ಮಾತ್ರ ಬಲು ನವಿರು. ಅವರ ಮಾತು ಒಂದೇ: "ಒಂದ ಸಲಕ್ಕ ಮುಗೀಬೇಕು." ಇರುವ ಚರ್ಮದ ಪಟ್ಟಿಯನ್ನು ನಡುವೆ ಸ್ವಲ್ಪ ಸೀಳಿ, ಅಗಲ ಮಾಡಿ, ಕೊಳವೆಯಂತೆ ಸುತ್ತಿ ಒಂದೇ ಆಪರೇಷನ್ನಿನಲ್ಲಿ ಹೊಲಿದು ಮುಗಿಸುವುದು ಅವರ ಪದ್ಧತಿ. ಕಿರಿಯರು ನೀಲಾಂಬಿಕಾ ಬೆಲ್ಲದ, ಅಂಗಡಿಯವರ ಹತ್ತಿರವೇ ಸೂಜಿ ಹಿಡಿಯಲು ಕಲಿತವರು. ಆದರೆ ಬಾಗು ಹೆಚ್ಚಿರುವ ಹುಡುಗರಿಗೆ ಎರಡು ಸಲ ಮಾಡಬೇಕೆಂಬುದು ಅವರ ವಾದ. ಮೊದಲ ಸಲ ನೆಟ್ಟಗೆ ಮಾಡಿ, ಮುಂದೊಗಲಿನ ಒಳಚರ್ಮದ ತುಂಡೊಂದನ್ನು ತೇಪೆಯಾಗಿ ಕೂಡಿಸುವುದು. ಅದು ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳಲು ಆರು ತಿಂಗಳು ಕಾಯುವುದು. ಎರಡನೆಯ ಸಲ ಕೊಳವೆ ಸುತ್ತುವುದು.

ದಿನಾ ಬೆಳಗಿನ ಸುತ್ತಿನಲ್ಲಿ ಈ ಚರ್ಚೆ ನಡೆಯುತ್ತಿದ್ದದ್ದು ನನ್ನ ಬೆನ್ನಿನ ಮೇಲೆ. ಅಂಗಡಿಯವರು ಒಂದು ಕೈ ನನ್ನ ಮೇಲಿಟ್ಟು ನಿಲ್ಲುತ್ತಿದ್ದರು, ಬೆಲ್ಲದ ಆಚೆ ಬದಿಗೆ. ನಡುವೆ ಹುಡುಗ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ.

ಒಂದು ಮಂಗಳವಾರ ಬಂದವನು ಲಾಡ್ಲೇಸಾಬ. ಆರು ವರ್ಷ. ಅಪ್ಪ ಅವ್ವ ಗೋವೆಯಲ್ಲಿ ರಸ್ತೆ ಕೆಲಸಕ್ಕಿದ್ದರು. ಕರೆದುಕೊಂಡು ಬಂದವಳು ಅಪ್ಪನ ತಾಯಿ ಹಜರತಬಿ, ಅವನ ಬಾಯಲ್ಲಿ ದಾದಿ. ಅವಳು ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಅಂಗಿ, ಯಾರ ಮನೆಯ ಚಿಂದಿಯಾದರೂ ಸರಿ, ಅವಳ ಕೈ ಸೇರಿದರೆ ಹೊದಿಕೆಯಾಗುತ್ತಿತ್ತು. ಮಂಚದ ಪಕ್ಕ ನೆಲಕ್ಕೆ ಕುಳಿತವಳೇ ಗಂಟು ಬಿಚ್ಚಿ, ಸೂಜಿಗೆ ದಾರ ಪೋಣಿಸಿದಳು. ಹುಡುಗ ಅಷ್ಟರಲ್ಲಿ ನನ್ನನ್ನು ಕಂಡು ಒಳಗೆ ನುಸುಳಿ ಮಲಗಿದ್ದ.

ಬಾಳವ್ವ ನೀರಿನ ತಂಬಿಗೆ ಇಡುತ್ತ ಕೇಳಿದಳು, "ಇಷ್ಟ ದಿನ ಯಾಕ ಬರಲಿಲ್ಲಬೇ ಯಕ್ಕಾ? ಸಣ್ಣಾವ ಇದ್ದಾಗನ ತರಬೇಕಿತ್ತು."

"ತಪ್ಪು ನಂದ ಐತಿ," ಎಂದಳು ಹಜರತಬಿ, ಸೂಜಿಯಿಂದ ಕಣ್ಣೆತ್ತದೆ. "ಇಂವ ಹುಟ್ಟಿದಾಗ ಮುಂದಿನ ಚರ್ಮ ಪೂರಾ ಇರಲಿಲ್ಲ, ಅರ್ಧ ಟೊಪಗಿ ಹಂಗ ಮ್ಯಾಲಷ್ಟ ಇತ್ತು. ಸೂಲಗಿತ್ತಿ ಅಂದ್ಳು, ಫರಿಸ್ತೇರು ಬಂದು ಸುನ್ನತ್ ಮಾಡಿ ಹೋಗ್ಯಾರ ಅಂತ. ನಾ ಓಣಿಗೆಲ್ಲಾ ಸಕ್ರಿ ಹಂಚಿದೆ. ಹಬ್ಬಕ್ಕ ಇವನ್ನ ಹಿರ್ಯಾರ ಮಗ್ಗಲ ಕುಂದರಸತಿದ್ವಿ. ದೇವದೂತರ ಕೈ ಮುಟ್ಟಿದ ಕೂಸು ಅಂತ."

"ಹೌದಲ್ಲ, ಛಲೋನ ಅಂದಾಳ," ಎಂದಳು ಬಾಳವ್ವ.

"ಸಾಲಿಗೆ ಹೋದ ಮ್ಯಾಲ ತಿಳೀತು. ಹುಡುಗರೆಲ್ಲಾ ಗ್ವಾಡಿ ಮುಂದ ಸಾಲಾಗಿ ನಿಂದರತಾರ, ಇಂವ ಹಿತ್ತಲದಾಗ ಹೋಗಿ ಕುಂದರತಾನ. ಒಂದ ದಿನ ನೋಡಿದ್ರು. ಆಮ್ಯಾಲ ದಿನಾ ನೋಡಾಕ ಹತ್ತಿದ್ರು. 'ಏ ಫರಿಸ್ತೇ, ಕುಂದರು' ಅಂತಾರ. ಸಾಲಿ ಬಿಟ್ಟ." ದಾರ ಕಚ್ಚಿ ಹರಿದು ಅವಳು ಹುಡುಗನತ್ತ ನೋಡಿದಳು. "ನನಗ ಬ್ಯಾರೆ ಏನೂ ಬ್ಯಾಡ. ಎಲ್ಲಾರಂಗ ಇವನೂ ಗ್ವಾಡಿ ಮುಂದ ನಿಂದರಲಿ. ಯಾರೂ ಇವನ್ನ ನೋಡೂದು ಬ್ಯಾಡ."

ಅದು ದೊಡ್ಡ ಬೇಡಿಕೆಯೆಂದು ಆಗ ನನಗನಿಸಲಿಲ್ಲ. ಆದರೆ ಹುಡುಗನ ರೀತಿ ಕಂಡ ಮೇಲೆ ಅನಿಸಿತು. ಸೂಲಗಿತ್ತಿ ನೋಡಿದ್ದಳು, ಓಣಿ ನೋಡಿತ್ತು, ಸಾಲೆ ನೋಡಿತ್ತು, ಮೂರು ಊರಿನ ಡಾಕ್ಟರರು ನೋಡಿದ್ದರು. ಅವನಿಗೆ ಅದು ರೂಢಿಯಾಗಿ ಹೋಗಿತ್ತು. ಬಿಳಿ ಅಂಗಿ ಕಂಡರೆ ಸಾಕು, ಕೇಳುವ ಮೊದಲೇ ಹೊದಿಕೆ ಸರಿಸುತ್ತಿದ್ದ. ಫ್ಯಾನ್ ರಿಪೇರಿಗೆಂದು ಬಂದ ಮನುಷ್ಯ ಬಿಳಿ ಅಂಗಿ ತೊಟ್ಟಿದ್ದ. ಅವನಿಗೂ ತೋರಿಸಲು ಹೋದ. ಆ ಮನುಷ್ಯ ನಾಚಿಕೊಂಡು ಏಣಿಯ ಮೇಲೆಯೇ ತಿರುಗಿ ನಿಂತ. ವಾರ್ಡೆಲ್ಲ ನಕ್ಕಿತು. ಹಜರತಬಿ ನಗಲಿಲ್ಲ.

ಮರುದಿನ ಬೆಳಗಿನ ಸುತ್ತು. ಇಬ್ಬರೂ ಡಾಕ್ಟರರು ಹುಡುಗನನ್ನು ಪರೀಕ್ಷಿಸಿ ಕೈ ತೊಳೆದು ನನ್ನ ಎರಡು ಬದಿಗೆ ನಿಂತರು.

"ಒಂದ ಸಲಕ್ಕ ಆಕ್ಕೈತಿ," ಎಂದರು ಅಂಗಡಿ.

"ಬಾಗು ಭಾಳ ಐತ್ರಿ ಸರ. ನೆಟ್ಟಗ ಮಾಡಿದ ಮ್ಯಾಲ ಇರೂ ಚರ್ಮ ಸಾಲಂಗಿಲ್ಲ."

"ನೀಲಾ, ಬಡವರು ಇವರು. ಎರಡೆರಡ ಸಲ ಯಾಕ ಮಲಗಸ್ತಿ? ಎರಡ ಸಲ ಸೂಜಿ, ಎರಡ ಸಲ ಉಪಾಸ, ಎರಡ ಸಲ ಅಳೂದು. ನಾ ಮೂವತ್ತ ವರ್ಷ ಹೊಲದೀನಿ."

"ನೀವು ಹೊಲದ ಮೂವತ್ತ ವರ್ಷದ ವಹೀನ ನಾ ಓದೀನ್ರಿ ಸರ."

ಅಂಗಡಿಯವರ ಬೆರಳುಗಳು ನನ್ನ ಮೇಲೆ ಗಟ್ಟಿಯಾದವು. ಅವರಲ್ಲಿ ಒಂದು ವಹಿ ಇತ್ತು. ಪ್ರತಿ ಹುಡುಗನ ಹೆಸರು, ಮಾಡಿದ ರೀತಿ, ಮುಂದೆ ಸೋರಿತೋ ಇಲ್ಲವೋ, ಎಲ್ಲವನ್ನೂ ತಮ್ಮ ಕೈಯಾರೆ ಬರೆದಿಟ್ಟಿದ್ದರು. ತಮ್ಮ ತಪ್ಪನ್ನು ತಾವೇ ಬರೆದಿಡುವವರು ಎಷ್ಟು ಜನ? ಆದರೆ ಬರೆದದ್ದನ್ನು ತಿರುಗಿ ಓದುವ ಗೊಡವೆಗೆ ಅವರು ಹೋದಂತಿರಲಿಲ್ಲ.

ಆಗ ನೆಲದಿಂದ ದನಿ ಬಂತು. "ಸಾಹೇಬ್ರ, ಒಂದ ಮಾತ ಕೇಳಲಿ? ಬಟ್ಟಿ ಸಾಕಾಗತೈತಿ ಏನು?"

"ಯಾವ ಬಟ್ಟಿಬೇ?" ಎಂದರು ಅಂಗಡಿ.

"ಅದ, ಚರ್ಮ. ನಂದೂ ಹೊಲಿಯೂ ಕೆಲಸನರಿ. ತುಂಡು ಸಾಲದಿದ್ರ ನಾವು ಜಗ್ಗಿ ಹೊಲಿಯೂದಿಲ್ಲ. ಜಗ್ಗಿ ಹೊಲದ ಕೌದಿ ನೋಡಾಕ ಚಂದ ಇರತೈತಿ. ಮೊದಲ ಸಲ ಒಗದ ಕೂಡಲೆ ಹೊಲಿಗಿ ಗುಂಟ ಬಾಯಿ ಬಿಡತೈತಿ. ಮೊದಲ ತ್ಯಾಪಿ ಕೂಡಸ್ತೀವಿ, ಆಮ್ಯಾಲ ಅಂಚು ತರತೀವಿ."

ಬೆಲ್ಲದ ನಕ್ಕುಬಿಟ್ಟರು. ಅಂಗಡಿಯವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮುದುಕಿಯ ಕೈಯಲ್ಲಿದ್ದ ಕೌದಿಯನ್ನು ಬಾಗಿ ನೋಡಿದರು.

ಹಜರತಬಿ ಮುಂದುವರಿಸಿದಳು. "ಹೆಂಗಾರ ಮಾಡ್ರಿ, ನಿಮ್ಮ ಕೈ ದೊಡ್ಡದು. ಆದ್ರ ಮುಂದಿನ ವಾರಕ್ಕ ಇಡ್ರಿ. ಶುಕ್ರವಾರ ನನ್ನ ಸಣ್ಣ ಮಗ ಮನ್ಯಾಗ ಎಲ್ಲಾ ಗೊತ್ತು ಮಾಡ್ಯಾನ. ಫರಿಸ್ತೇರು ಬಿಟ್ಟು ಹೋದ ಚರ್ಮಾನೂ ತಗಿಸಿ ಸುನ್ನತ್ ಪೂರಾ ಮುಗಿಸಿಕೊಂಡ ಬರತೀವಿ."

ಬೆಲ್ಲದರ ನಗೆ ನಿಂತಿತು. ಅವರು ಮಂಡಿಯೂರಿ ಅವಳೆದುರು ಕುಳಿತರು. "ಅಜ್ಜೀ, ಅದನ್ನ ಮಾತ್ರ ಮಾಡಸಬ್ಯಾಡ್ರಿ. ತ್ಯಾಪಿ ಹಾಕಾಕ ನನಗ ಇರೂದು ಅದೊಂದ ಬಟ್ಟಿ. ಅದನ್ನ ಕೊಯ್ದು ಒಗದ್ರ ಇವನ ಮೈಯಾಗ ಅಂಥಾ ಚರ್ಮ ಬ್ಯಾರೆ ಎಲ್ಲೂ ಸುಲಭಕ್ಕ ಸಿಗಂಗಿಲ್ಲ."

ಸೂಜಿ ಅರ್ಧ ದಾರಿಯಲ್ಲಿ ನಿಂತಿತು. ಮುದುಕಿ ಪಕ್ಕದ ಗಂಟಿನತ್ತ ನೋಡಿದಳು. ಅದರಲ್ಲಿ ಬೆರಳಗಲದ ಚಿಂದಿಗಳೂ ಇದ್ದವು, ಒಂದನ್ನೂ ಬಿಸಾಡಿದವಳಲ್ಲ ಅವಳು. ಕೊನೆಗೆ ಮೆಲ್ಲಗೆ ಅಂದಳು, "ಅಂದ್ರ ಫರಿಸ್ತೇರು ಸುನ್ನತ್ ಮಾಡಿ ಹೋಗಿಲ್ಲ. ತ್ಯಾಪಿಗಂತ ತುಂಡು ಎತ್ತಿಟ್ಟು ಹೋಗ್ಯಾರ."

"ಹಂಗಂತ ತಿಳಕೋರಿ," ಎಂದರು ಬೆಲ್ಲದ.

ಸಂಜೆ ಬಂದ ಸಣ್ಣ ಮಗ ತಕರಾರು ತೆಗೆದ. ಜಮಾತಿನವರಿಗೆ ಹೇಳಿಯಾಗಿದೆ, ಅಡಿಗೆಯವನಿಗೂ ಹೇಳಿಯಾಗಿದೆ ಎಂದ. ಹಜರತಬಿ ದನಿ ಏರಿಸಲಿಲ್ಲ. "ಬಂದಾವರಿಗೆ ಉಣ್ಣಾಕ ಹಾಕು. ಹುಡುಗನ ದವಾಖಾನಿ ಸಲುವಾಗಿ ದುವಾ ಕೇಳು. ಚರ್ಮದ ಮಾತು ಡಾಕ್ಟರವ್ವಗ ಬಿಡು," ಎಂದಳು. ಅವನು ತಲೆ ಕೆರೆದುಕೊಂಡು ಹೋದ. ಶುಕ್ರವಾರ ಅವರ ಮನೆಯಲ್ಲಿ ಊಟ ಬಹಳ ಚೆನ್ನಾಗಿತ್ತಂತೆ.

ಅಂಗಡಿಯವರು ಆ ಸುತ್ತು ಮುಗಿದ ಮಧ್ಯಾಹ್ನವೇ ವಹಿಯನ್ನು ತಂದು ವಾರ್ಡಿನ ಕಿಟಕಿಕಟ್ಟೆಯಲ್ಲಿ ಕುಳಿತು ಓದಿದರು. ನಾನು ಎದುರು ಮಂಚದ ಮೇಲಿದ್ದೆ. ಒಂದೊಂದು ಪುಟಕ್ಕೂ ತುಟಿ ಅಲುಗುತ್ತಿತ್ತು. ಮೂತ್ರದ ಬಾಯಿ ಸ್ವಲ್ಪವೇ ಕೆಳಗಿದ್ದ ಹುಡುಗರು ಒಂದೇ ಸಲದ ಹೊಲಿಗೆಯಲ್ಲಿ ಗೆದ್ದು ಹೋಗಿದ್ದರು, ಮತ್ತೆ ಬಂದವರು ಅಪರೂಪ. ಬಾಗು ಹೆಚ್ಚಿದ್ದವರ ಹೆಸರಿನ ಮುಂದೆ ಮಾತ್ರ ಮತ್ತೆ ಮತ್ತೆ ಅದೇ ಮಾತು: ಸಣ್ಣ ತೂತು, ಸೋರಿಕೆ, ಮತ್ತೆ ಆಪರೇಷನ್. ಒಂದೇ ಸಲ ಎಂದು ಶುರುಮಾಡಿದ್ದು ಮೂರಕ್ಕೆ ಹೋದದ್ದೂ ಇತ್ತು. ಅವರು ವಹಿ ಮುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನೀಲಾ," ಎಂದು ಕರೆದರು. "ಸಣ್ಣದಕ್ಕ ನನ್ನ ಕೈ. ದೊಡ್ಡದಕ್ಕ ನಿನ್ನ ಕೈ. ಈ ಹುಡುಗನ್ನ ನೀ ಮಾಡು."

"ನೀವ್ರಿ ಸರ?"

"ನಾ ದಾರ ಹಿಡಿತೇನಿ."

ಬಾಳವ್ವ ಆಗ ಹೊದಿಕೆ ಮಡಿಸುತ್ತಿದ್ದಳು. ಅವಳ ಗುನುಗು ಯುದ್ಧದ ಧಾಟಿಯಿಂದ ಇಳಿದು ಮಂಗಳದ ಧಾಟಿಗೆ ಬಂದದ್ದನ್ನು ನಾನು ಕೇಳಿದೆ.

ಮೊದಲ ಆಪರೇಷನ್ ಆಯಿತು. ಹಜರತಬಿ ಬಿಸ್ಮಿಲ್ಲಾ ಎಂದು ಹುಡುಗನ ಹಣೆ ಮುಟ್ಟಿ ಕಳಿಸಿದಳು, ಬಾಳವ್ವ ತನ್ನ ದೇವರಿಗೆ ತಾನು ಕೈ ಮುಗಿದಳು. ವಾರ್ಡಿಗೆ ಮರಳಿದವನ ಮೇಲೆ ನನ್ನನ್ನು ನಿಲ್ಲಿಸಿದರು. ಚಳಿಗಾಲ, ನನ್ನ ಮೈ ತಣ್ಣಗೆ. ಹುಡುಗನ ಮೊಣಕಾಲು ತಾಗಿದರೆ ಬೆಚ್ಚಿಬೀಳುತ್ತಿದ್ದ. ಮುದುಕಿ ಎರಡೇ ದಿನದಲ್ಲಿ ಚಿಂದಿಗಳಿಂದ ನನ್ನ ಕಾಲುಗಳಿಗೆ ಚೀಲ ಹೊಲಿದು ತೊಡಿಸಿದಳು, ಹಸಿರು, ಕೆಂಪು, ಗೋರಂಟಿ ಹೂವಿನ ಬಣ್ಣ. ಕಬ್ಬಿಣಕ್ಕೆ ಅಂಗಿ ತೊಡಿಸಿದವರನ್ನು ನಾನು ಮೊದಲ ಬಾರಿ ಕಂಡೆ. ಬೇರೆ ಮಂಚದ ಹುಡುಗರೆಲ್ಲ ನನಗಾಗಿ ಜಗಳ ಕಾದರು.

ಆರು ತಿಂಗಳು ಕಳೆಯಿತು. ತೇಪೆ ಹಿಡಿದಿತ್ತು, ಮೆತ್ತಗೆ, ಸುಕ್ಕಿಲ್ಲದೆ. ಎರಡನೆಯ ಸಲ ಕೊಳವೆ ಸುತ್ತಿ ಹೊಲಿದರು. ಉಳಿದ ಚರ್ಮವನ್ನು ಮೇಲೆ ಹೊದಿಸಿ, ಹೆಚ್ಚಿನದನ್ನು ತೆಗೆದರು. ಸುನ್ನತ್ತಿನ ಕೆಲಸವೂ ಅದರಲ್ಲೇ ಮುಗಿಯಿತು. "ಒಂದ ಖರ್ಚಿನಾಗ ಎರಡ ಮದಿವಿ," ಎಂದು ಬಾಳವ್ವ ಚೇಷ್ಟೆ ಮಾಡಿದಳು.

ನಳಿಕೆ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಹುಡುಗನಿಗೆ ತಂಬಿಗೆಗಟ್ಟಲೆ ನೀರು ಕುಡಿಸಿದ್ದರು. ಮಂಚದ ಸುತ್ತ ಪರದೆ ಎಳೆದರು. ಒಳಗೆ ಅವನು, ಒಂದು ಬಕೆಟ್ಟು, ಹೊರಗೆ ನಾವೆಲ್ಲ. ಅಂಗಡಿಯವರು ಯಾರದೋ ಕಾಗದ ಓದುವವರಂತೆ ನಿಂತಿದ್ದರು. ಕಾಗದ ತಲೆಕೆಳಗಾಗಿತ್ತು. ಹಜರತಬಿ ಕಣ್ಣು ಮುಚ್ಚಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು.

ಮೊದಲು ಎರಡು ಹನಿ. ಆಮೇಲೆ ಸದ್ದಿಲ್ಲ. ಮತ್ತೆ ನಾಲ್ಕು ಹನಿ, ಒಂದು ಅತ್ತ, ಒಂದು ಇತ್ತ. ಮುದುಕಿಯ ಕೈ ಬಾಳವ್ವನ ಸೆರಗು ಹಿಡಿಯಿತು. ಆಮೇಲೆ ಬಕೆಟ್ಟಿನ ತಳಕ್ಕೆ ಒಂದೇ ಧಾರೆ ಬಿತ್ತು, ಕಡಿಯದ ಧಾರೆ, ಸಣ್ಣ ತಾಮ್ರದ ತಂತಿ ಮೀಟಿದ ಹಾಗೆ. ಬಹಳ ಹೊತ್ತು ಬಿತ್ತು. ನಾನು ಎಷ್ಟೋ ಪದ್ಯ ಕೇಳಿದ್ದೇನೆ. ಅಂಥ ಏರಿಳಿತವಿಲ್ಲದ ನುಡಿಯನ್ನು ಕೇಳಿರಲಿಲ್ಲ.

"ದಾದಿ," ಎಂದಿತು ಪರದೆಯ ಒಳಗಿನ ದನಿ. "ನಾ ನಿಂತೇನಿ."

ಅಂಗಡಿಯವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, ಮುಖ ತೋರಿಸದೆ ಹೊರಟು ಹೋದರು. ಅದು ಇನ್ನಾರದೋ ರಕ್ತಪರೀಕ್ಷೆಯ ಕಾಗದವಾಗಿತ್ತು. ಮಧ್ಯಾಹ್ನವೆಲ್ಲ ವಾರ್ಡಿನವರು ಅದನ್ನು ಹುಡುಕಿದರು.

ಅಲ್ಲಿಂದ ಮುಂದೆ ನನ್ನ ಕಥೆ ಇಳಿಜಾರು. ಎಷ್ಟು ಹುಡುಗರೋ ಬಂದರು, ಹೋದರು. ಸಣ್ಣ ತೊಂದರೆಯವರು ಒಂದೇ ಸಲಕ್ಕೆ, ದೊಡ್ಡ ತೊಂದರೆಯವರು ಎರಡು ಸಲಕ್ಕೆ. ನನ್ನ ಬೆನ್ನಿನ ಮೇಲೆ ವಾದ ನಡೆಯುವುದು ನಿಂತಿತು. ನನಗೆ ಸ್ವಲ್ಪ ಬೇಸರವೂ ಆಯಿತು. ಬಣ್ಣ ಎದ್ದಿತು, ಒಂದು ಬೆಸುಗೆ ಬಿಟ್ಟಿತು, ತಂತಿ ಸುತ್ತಿದರು. ಆಮೇಲೆ ಹಗುರಾದ ಅಲ್ಯೂಮಿನಿಯಂ ಕಮಾನುಗಳು ಬಂದವು, ಮಡಚುವಂಥವು. ನನ್ನನ್ನು ಉಗ್ರಾಣಕ್ಕೆ ಹಾಕಿದರು. ಮುರಿದ ಗಾಲಿಕುರ್ಚಿಗಳ ನಡುವೆ ಎರಡು ವರ್ಷ. ಹಳೆಯ ಕಬ್ಬಿಣದವನು ಗಾಡಿ ತಂದ ದಿನ ಬಾಳವ್ವ ನನ್ನನ್ನು ಮಾತ್ರ ಎಳೆದು ಪಕ್ಕಕ್ಕಿಟ್ಟಳು. "ಇದು ನನಗ ಇರಲಿ. ಹೀರಿಬಳ್ಳಿಗೆ ಬೇಕು," ಎಂದಳು.

ಈಗ ನಾನು ಆಸ್ಪತ್ರೆಯ ಹಿತ್ತಲಲ್ಲಿ, ನೀರಿನ ಪಂಪಿನ ಪಕ್ಕ ಇದ್ದೇನೆ. ಕಾಲು ಮಣ್ಣಿನಲ್ಲಿ. ಬೆನ್ನ ಮೇಲೆ ಹೀರೆಬಳ್ಳಿ, ಹಳದಿ ಹೂವು. ಬೆಳಗ್ಗೆ ಗುಬ್ಬಿ, ಸಂಜೆ ಬಾಳವ್ವನ ಗುನುಗು. ತುಕ್ಕು ಒಳಗೊಳಗೇ ತಿನ್ನುತ್ತಿದೆ, ನೋವೇನೂ ಇಲ್ಲ. ಒಮ್ಮೊಮ್ಮೆ ಯೋಚಿಸುತ್ತೇನೆ. ಲೋಕದಲ್ಲಿ ಹಿಡಿದು ಕಾಪಾಡುವವರಿದ್ದಾರೆ, ತಟ್ಟಿ ಮಲಗಿಸುವವರಿದ್ದಾರೆ. ನನಗೆ ಬಂದ ಪಾಲು ಮುಟ್ಟದೆ ಇರುವುದು. ಗಾಯ ತಾನಾಗಿಯೇ ಕೂಡುತ್ತದೆ, ಅಲ್ಲಿಯವರೆಗೆ ಅದರ ಮೇಲೆ ಏನೂ ಬೀಳದಂತೆ ನೋಡಿಕೊಂಡರೆ ಆಯಿತು. ದೇವರು ಕೆಲವರಿಗೆ ಅಷ್ಟೇ ಕೆಲಸ ಕೊಡುತ್ತಾನೆ. ಅದು ಕಡಿಮೆಯದೇನೂ ಅಲ್ಲ.

ಕಳೆದ ಗುರುವಾರ ಹಜರತಬಿ ಬಂದಿದ್ದಳು. ಬೆನ್ನು ಬಾಗಿದೆ, ಗಂಟು ಮಾತ್ರ ಅಷ್ಟೇ ದೊಡ್ಡದು. ಜೊತೆಗೆ ಹನ್ನೆರಡು ವರ್ಷದ ಹುಡುಗ, ಸಾಲೆಯ ಖಾಕಿ ಪ್ಯಾಂಟು, ತುಟಿಯ ಮೇಲೆ ಇನ್ನೂ ಮೂಡದ ಮೀಸೆ. ಲಾಡ್ಲೇಸಾಬ. ಬೆಲ್ಲದ ಅವರು ಅವನನ್ನು ಒಳಕೋಣೆಯಲ್ಲಿ ಪರೀಕ್ಷಿಸಿ, ಎಲ್ಲ ಸರಿಯಾಗಿದೆ, ಇನ್ನು ಬರುವುದು ಬೇಡ ಎಂದು ಹೇಳಿಯಾಗಿತ್ತು. ಹಜರತಬಿ ಬಾಳವ್ವನೊಡನೆ ನನ್ನ ಪಕ್ಕ ಕುಳಿತು ಹೀರೆಕಾಯಿ ಆರಿಸುತ್ತಿದ್ದಳು. ಹುಡುಗ ಪಂಪು ಒತ್ತಿ ನೀರು ಕುಡಿಯುತ್ತಿದ್ದ.

"ಸಾಲಿಗೆ ಹೋಗತಾನ?" ಎಂದಳು ಬಾಳವ್ವ.

"ದಿನಾ. ಕಬಡ್ಡಿ ಟೀಮಿನಾಗ ಅದಾನ. ಮನೀಗೆ ಬರೂದ ಕಡಿಮಿ."

ಅಂಗಡಿಯವರು ನಿವೃತ್ತರಾಗಿದ್ದಾರೆ. ಗುರುವಾರಕ್ಕೊಮ್ಮೆ ಕೋಲೂರಿಕೊಂಡು ಪಾಠ ಹೇಳಲು ಬರುತ್ತಾರೆ. ಅಂದು ಐದು ಜನ ವಿದ್ಯಾರ್ಥಿಗಳನ್ನು ಬೆನ್ನಿಗೆ ಹಾಕಿಕೊಂಡು ಹಿತ್ತಲಿಗೇ ಬಂದುಬಿಟ್ಟರು. ಹುಡುಗನನ್ನು ಕಂಡವರೇ ಮುಖ ಅರಳಿಸಿ ಅವನ ಭುಜದ ಮೇಲೆ ಕೈಯಿಟ್ಟರು.

"ಇವನ ನೋಡ್ರಿ ಆ ಹುಡುಗ. ನಾ ಒಂದ ಸಲಕ್ಕ ಅಂತಿದ್ದೆ, ಬೆಲ್ಲದ ಡಾಕ್ಟರು ಎರಡ ಸಲಕ್ಕ ಅಂದ್ರು. ಅವರು ಗೆದ್ರು, ನಾ ಸೋತೆ. ಸೋತು ಇಷ್ಟ ಖುಷಿ ಆಗಿದ್ದು ಅದೊಂದ ಸಲ." ಆಮೇಲೆ ಹುಡುಗನತ್ತ ಬಾಗಿ, ಮೆತ್ತಗೆ ಕೇಳಿದರು. "ತಮ್ಮಾ, ಇವರು ನಾಳೆ ನಿನ್ನಂಥಾ ಹುಡುಗರಿಗೆ ಮಾಡಾವರು. ಒಂದ ನಿಮಿಷ ಒಳಗ ಬರತೀಯೇನು? ತ್ಯಾಪಿ ಹೆಂಗ ಕೂಡೇತಿ ಅಂತ ಒಮ್ಮೆ ನೋಡಲಿ."

ವಿದ್ಯಾರ್ಥಿಗಳು ಕಾದರು. ಹಜರತಬಿಯ ಕೈಯಲ್ಲಿ ಹೀರೆಕಾಯಿ ನಿಂತಿತು. ಅವಳು ಹುಡುಗನತ್ತ ನೋಡಿದಳು. ಹುಡುಗ ಬಾಯಿ ಒರೆಸಿಕೊಂಡ. ಕಿವಿಯ ತುದಿ ಕೆಂಪಾಯಿತು. ಆದರೂ ಹಿರಿಯರ ಮುಖವನ್ನು ನೇರವಾಗಿ ನೋಡಿದ.

"ಇಲ್ರಿ ಸರ," ಎಂದ. "ನಾ ಯಾರಿಗೂ ತೋರಸಂಗಿಲ್ಲ."